ಒಂಬತ್ತನೇ ಪುಟದ ಗೆರೆ

ಬೀಳುತ್ತಿರುವ ಸಿಡಿಲನ್ನು ಅರ್ಧ ದಾರಿಯಲ್ಲೇ ಹಿಡಿದು, ನಮಗೆ ಬೇಕಾದ ಕಡೆ ಕರೆದುಕೊಂಡು ಹೋಗುವಂತಿದ್ದರೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾವು ಡೋಣಿ ನದಿಯ ದಂಡೆಯ ಎರೆಭೂಮಿಯಲ್ಲಿ ಹದಿನಾರು ಗೋಪುರ ನಿಲ್ಲಿಸಿದೆವು. ವಿಜಯಪುರದ ಆಚೆ, ಮರವೇ ಇಲ್ಲದ ಬಯಲು ಅದು. ಅಲ್ಲಿ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರ. ಹೀಗಾಗಿ ಪ್ರತಿವರ್ಷ ಹೊಲದಲ್ಲಿ ದುಡಿಯುವವರೇ ಸಿಡಿಲಿಗೆ ಬಲಿಯಾಗುತ್ತಿದ್ದರು. ಗೋಪುರಗಳು ಎದ್ದ ಮೇಲೆ ಹದಿನಾಲ್ಕು ತಿಂಗಳು ಒಬ್ಬರೂ ಸಾಯಲಿಲ್ಲ. ಯೋಜನೆಯ ಹೆಸರು ಸಿಡಿಲ್ಗಾವಲು. ನಾನು ಅದರ ನಿಯಂತ್ರಣ ಕೊಠಡಿಯ ಪಾಳಿ ಎಂಜಿನಿಯರ್, ಶಿವಪುತ್ರ ಕೊಣ್ಣೂರ. ಆ ಹದಿನಾಲ್ಕು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ ಎಂದು ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಸಿಡಿಲು ನಾವು ತಿಳಿದ ಹಾಗೆ ದಬಕ್ಕನೆ ಬೀಳುವುದಿಲ್ಲ. ಮೊದಲು ಮೋಡದಿಂದ ಒಂದು ಸಣ್ಣ ಎಳೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಅದು ನೆಲ ಮುಟ್ಟಲು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ ಬೇಕು. ನಮಗೆ ಅದು ಏನೂ ಅಲ್ಲ, ಆದರೆ ಎಲೆಕ್ಟ್ರಾನಿಕ್ ಯಂತ್ರಗಳಿಗೆ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಎಳೆ ಪ್ರತಿ ಮೆಟ್ಟಿಲು ಇಳಿದಾಗಲೂ ಒಂದು ರೇಡಿಯೋ ಅಲೆ ಹೊರಡುತ್ತದೆ. ಅದನ್ನು ಹದಿನಾರು ಗೋಪುರಗಳೂ ಕೇಳುತ್ತವೆ. ಯಾವ ಗೋಪುರಕ್ಕೆ ಎಷ್ಟು ಮೊದಲು, ಯಾವುದಕ್ಕೆ ಎಷ್ಟು ತಡವಾಗಿ ಕೇಳಿಸಿತು ಎಂಬುದರ ಮೇಲೆ ಎಳೆಯ ತುದಿ ಆಕಾಶದಲ್ಲಿ ಎಲ್ಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಜಾಗಕ್ಕೆ ಹತ್ತಿರದ ಗೋಪುರ ಲೇಸರ್ ಕಿರಣ ಬಿಡುತ್ತದೆ. ಕಿರಣ ಹಾದ ಗಾಳಿಯಲ್ಲಿ ಕರೆಂಟ್ ಹರಿಯಲು ದಾರಿಯಾಗಿ, ಸಿಡಿಲು ಆ ದಾರಿ ಹಿಡಿದು ಗೋಪುರಕ್ಕೆ ಬಂದು ಮಣ್ಣಿಗಿಳಿಯುತ್ತದೆ. ಕಿರಣ ಎಳೆಯ ಹದಿನೈದು ಅಡಿಯೊಳಗೆ ಹೋದರೆ ಸಾಕು. ಅದಕ್ಕಿಂತ ದೂರ ಹೋದರೆ ಸಿಡಿಲು ತನ್ನ ಪಾಡಿಗೆ ತಾನು ಇಳಿಯುತ್ತದೆ.

ಪ್ರತಿ ಗೋಪುರದಲ್ಲೂ ‘ಅಲೆ ಬಂತು’ ಎಂದು ಹೇಳುವುದು ಕಂಪ್ಯಾರೇಟರ್ ಎಂಬ, ಅವರೆಕಾಳಿಗಿಂತ ಸಣ್ಣದಾದ ಚಿಪ್. ಅದಕ್ಕೆ ಒಂದು ಮಿತಿ ಕೊಟ್ಟಿರುತ್ತೇವೆ. ಬಂದ ಅಲೆಯನ್ನು ಆ ಮಿತಿಯ ಜೊತೆ ಹೋಲಿಸಿ, ಮಿತಿ ದಾಟಿದ ಕೂಡಲೇ ‘ಹೌದು’ ಎನ್ನುವುದಷ್ಟೇ ಅದರ ಕೆಲಸ. ಗೋಪುರಕ್ಕೆ ನಾಲ್ಕರಂತೆ ಅಂಥ ಅರವತ್ನಾಲ್ಕು ಬೋರ್ಡುಗಳು. ಅಷ್ಟನ್ನೂ ಪರೀಕ್ಷಿಸಿ, ಯೋಗ್ಯತಾ ಪತ್ರಕ್ಕೆ ಸಹಿ ಹಾಕಿದವಳು ನಮ್ಮ ವರ್ಕ್‌ಶಾಪಿನ ಹಿರಿಯ ಟೆಸ್ಟರ್ ನೀಲಾಂಬಿಕಾ. ಮನೆಯಲ್ಲಿ ನೀಲಾ. ಮೇಲೆ ಹೇಳಿದ ಹೆಂಡತಿ ಅವಳೇ.

ನನ್ನ ಅಕ್ಕ ದುಂಡವ್ವ ತೆಗ್ಗಿನಹಾಳದವಳು. ಆ ಊರು ನಮ್ಮ ಗಾವಲಿನ ಪೂರ್ವದ ಅಂಚಿನಲ್ಲಿದೆ. ಅಕ್ಕ ಹದಿಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೊಲಹೊಲ ತಿರುಗಿ ಕಳೆ ತೆಗೆಯುವುದು, ಉಳ್ಳಾಗಡ್ಡಿ ಕೀಳುವುದು ಮಾಡುತ್ತಾಳೆ. ದೂರದಲ್ಲಿ ಗುಡುಗಿದರೂ ಸಾಕು, ಕೆಲಸ ಬಿಟ್ಟು ಹೊಲದಾಚೆಯ ಪಂಪ್‌ಹೌಸಿಗೆ ಓಡುವುದು ಅವರ ರೂಢಿ. ಗಾವಲು ಶುರುವಾದ ವಾರ ನಾನು ಆ ಊರ ಗುಡಿಯ ಕಟ್ಟೆಯ ಮೇಲೆ ನಿಂತು ಭಾಷಣ ಬಿಗಿದಿದ್ದೆ. ಇನ್ನು ಯಾರೂ ಓಡಬೇಕಿಲ್ಲ, ಕಂಬಗಳ ಮೇಲಿನ ಸಿಡಿಲಿನ ಸೈರನ್ ಕೂಡ ಕೂಗುವುದಿಲ್ಲ, ಕುಂತಲ್ಲೇ ಕುಂತು ಕೆಲಸ ಮಾಡಿ ಎಂದಿದ್ದೆ. ಅಕ್ಕನ ಮುಖ ಆ ದಿನ ಅರಳಿದ್ದನ್ನು ಮರೆಯಲಾರೆ. ಅವಳ ತಮ್ಮ ಸಿಡಿಲನ್ನೇ ಕಟ್ಟಿಹಾಕಿದ್ದ.

ಎರಡನೇ ವರ್ಷದ ಸೆಪ್ಟೆಂಬರ್ ಕೊನೆಗೆ ಲೆಕ್ಕ ತೆಗೆದರೆ, ಇನ್ನೂರ ಹನ್ನೆರಡು ಸಿಡಿಲುಗಳಲ್ಲಿ ಇನ್ನೂರ ಒಂಬತ್ತನ್ನು ಹಿಡಿದಿದ್ದೆವು. ತಪ್ಪಿದ ಮೂರರಲ್ಲಿ ಒಂದು ಬೇವಿನ ಮರ ಸೀಳಿತ್ತು, ಒಂದು ಕರು ಕೊಂದಿತ್ತು, ಇನ್ನೊಂದು ಬರೀ ಮಣ್ಣಿಗೆ ಬಿದ್ದಿತ್ತು. ನಮ್ಮ ಮುಖ್ಯಸ್ಥ ಡಾ. ಚಿಕ್ಕತಮ್ಮಯ್ಯನವರು ಮಂಡ್ಯದ ಕಡೆಯವರು, ಮಾತು ಕಡಿಮೆ. ಅವರೇ ಆ ದಿನ ಎಲ್ಲರಿಗೂ ಮೈಸೂರು ಪಾಕ್ ತರಿಸಿದ್ದರು. ಶುಕ್ರವಾರ ಬೆಂಗಳೂರಿನಿಂದ ಸಮಿತಿ ಬರುವುದಿತ್ತು. ಅವರು ಒಪ್ಪಿದರೆ ಗಾವಲು ಐದು ಜಿಲ್ಲೆಗೆ ಹಬ್ಬುತ್ತಿತ್ತು.

ನಾನು ಮೈಸೂರು ಪಾಕ್ ತಿನ್ನುತ್ತಲೇ ಮನೆಗೆ ಹೋಗಿ ನೀಲಾಳಿಗೆ ಅಂಕಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

“ಆ ಮೂರು ಎಲ್ಲೆಲ್ಲಿ ಬಿದ್ದುವ್ರಿ?” ಎಂದಳು.

“ನೂರಕ್ಕ ತೊಂಬತ್ತೆಂಟೂವರಿ ಅಂತ ಹೇಳಾಕತ್ತೀನಿ, ನೀ ಮೂರರ ಬೆನ್ನ ಹತ್ತೀದಿ.”

“ಎಲ್ಲಿ ಬಿದ್ದುವು ಹೇಳ್ರಿ.”

“ಮೂರೂ ಪೂರ್ವಕ್ಕ. ತೆಗ್ಗಿನಹಾಳದ ಮಗ್ಗಲು.”

“ದೊಡ್ಡ ಸಿಡಿಲೋ, ಸಣ್ಣವೋ?”

ಯೋಚಿಸಿದೆ. ಮೂರೂ ಸಣ್ಣವೇ. ಹಾಗೆಂದೆ. ನೀಲಾ ಕೈ ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ರೊಟ್ಟಿ ಸುಟ್ಟಿದ್ದು ಅದೇ ಮೊದಲು. ನಾನು ನಕ್ಕೆ, ಅವಳು ನಗಲಿಲ್ಲ.

ಮರುದಿನ, ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಅವಳು ಬರಲಿಲ್ಲ. ನಾನೇ ಬುತ್ತಿ ಹಿಡಿದುಕೊಂಡು ವರ್ಕ್‌ಶಾಪಿಗೆ ಹೋದೆ. ಮೇಜಿನ ಮೇಲೆ ಒಂದು ಬೋರ್ಡು, ಅಲೆಯನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಎರಡು ಹಸಿರು ಗೆರೆ. ಒಂದು, ಒಳಗೆ ಹೋಗುವ ಅಲೆ. ಇನ್ನೊಂದು, ಕಂಪ್ಯಾರೇಟರ್ ಹೇಳುವ ಹೌದು. ಎರಡರ ನಡುವಿನ ಸಂದೇ ಅದು ತಡ ಮಾಡಿದ ಹೊತ್ತು.

“ಇದು ನಾವು ಯಾವಾಗಲೂ ಮಾಡೋ ಪರೀಕ್ಷೆ,” ಎಂದಳು. “ಮಿತಿಗಿಂತ ನೂರು ಮಿಲಿವೋಲ್ಟ್ ಹೆಚ್ಚಿನ ಅಲಿ ಕೊಡಬೇಕು, ತಡ ಎಷ್ಟು ನೋಡಬೇಕು. ಏಳು ನ್ಯಾನೋಸೆಕೆಂಡ್. ಚಿಪ್ ಮಾಡಿದವರು ಕೊಟ್ಟ ಡೇಟಾಶೀಟಿನ ಮೊದಲನೇ ಪುಟದಾಗೂ ಏಳ ಅದ. ಅರವತ್ನಾಲ್ಕಕ್ಕೂ ಏಳ ಬಂತು, ನಾ ಸಹಿ ಮಾಡಿದೆ.”

“ಸರಿ ಅದ ಅಲ್ಲ?”

“ಈಗ ನೋಡ್ರಿ.” ಗುಂಡಿ ತಿರುಗಿಸಿ ಅಲೆಯನ್ನು ಕುಗ್ಗಿಸಿದಳು. ಈಗ ಅದು ಮಿತಿಯನ್ನು ಐದೇ ಮಿಲಿವೋಲ್ಟ್ ದಾಟಿತ್ತು. ಎರಡನೇ ಗೆರೆ ಬಲಕ್ಕೆ ಸರಿಯಿತು. ಸರಿಯುತ್ತಲೇ ಹೋಯಿತು. ಮೂವತ್ತೊಂದಕ್ಕೆ ನಿಂತಿತು.

ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಬೋರ್ಡು ಕೆಟ್ಟಿರಬೇಕು ಎಂದೆ. ಅವಳು ಬೇರೆ ನಾಲ್ಕು ಬೋರ್ಡು ಹಾಕಿ ತೋರಿಸಿದಳು. ಇಪ್ಪತ್ತೊಂಬತ್ತು, ಮೂವತ್ತೆರಡು, ಮೂವತ್ತು, ಮೂವತ್ತೊಂದು.

“ಕೆಟ್ಟಿಲ್ರಿ. ಅದರ ಸ್ವಭಾವನ ಹಂಗ. ಕಿರಾಣಿ ಅಂಗಡಿ ತಕ್ಕಡಿ ನೋಡೀರಿಲ್ಲೋ? ಒಂದು ಪರಡಿಗೆ ಅರ್ಧ ಕಿಲೋ ಹೆಚ್ಚು ಹಾಕ್ರಿ, ದಪ್ಪಂತ ಕೆಳಗ ಕುಂದರ್ತದ. ನಾಕು ಕಾಳು ಹೆಚ್ಚು ಹಾಕ್ರಿ. ಅದೂ ಕೆಳಗ ಬರ್ತದ, ಖರೆ, ಆದ್ರ ಅಲ್ಲಾಡಿ ಅಲ್ಲಾಡಿ ನಿಧಾನಕ್ಕ ಬರ್ತದ. ಎರಡೂ ಸಲ ತಕ್ಕಡಿ ಸುಳ್ಳು ಹೇಳಿಲ್ಲ. ನಾವು ಅರ್ಧ ಕಿಲೋ ಹಾಕಿ ನೋಡಿ, ಯಾವಾಗಲೂ ಇಷ್ಟ ಹೊತ್ತು ಅಂತ ಬರಕೊಂಡೀವಿ.”

ಡೇಟಾಶೀಟನ್ನು ನನ್ನ ಮುಂದೆ ತಳ್ಳಿದಳು. ಒಂಬತ್ತನೇ ಪುಟ. ಅಲ್ಲಿ ಒಂದು ಗೆರೆ ಎಡಗಡೆ ಎತ್ತರದಿಂದ ಹೊರಟು ಬಲಗಡೆ ಇಳಿದು ಮಲಗಿತ್ತು. ಅಲೆ ಮಿತಿಯನ್ನು ಎಷ್ಟು ಹೆಚ್ಚು ದಾಟಿದರೆ ಉತ್ತರ ಅಷ್ಟು ಬೇಗ. ಎಷ್ಟು ಕಡಿಮೆ ದಾಟಿದರೆ ಅಷ್ಟು ತಡ. ಚಿಪ್ ಮಾಡಿದವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ನಾವು ಯಾರೂ ಪುಟ ತಿರುವಿರಲಿಲ್ಲ. ಪರೀಕ್ಷೆಯ ನಮೂನೆ ತಯಾರಿಸಿದವನು ನಾನು. ಮೊದಲನೇ ಪುಟದ ಅಂಕಿ ನೋಡಿ ನಮೂನೆ ಬರೆದು, ಚಹಾ ಕುಡಿಯಲು ಹೋಗಿದ್ದೆ.

ಉಳಿದ ಲೆಕ್ಕವನ್ನು ಅವಳು ಹೇಳಬೇಕಾಗಿರಲಿಲ್ಲ. ಬಯಲಿನ ನಡುವೆ ಎಳೆ ಇಳಿದರೆ ಸುತ್ತಲಿನ ಎಲ್ಲ ಗೋಪುರಗಳಿಗೂ ಜೋರಾಗಿ ಕೇಳುತ್ತದೆ, ಎಲ್ಲವೂ ಏಳರಷ್ಟೇ ತಡ ಮಾಡುತ್ತವೆ. ಎಲ್ಲರೂ ಒಂದೇ ಸಮ ತಡ ಮಾಡಿದರೆ ಲೆಕ್ಕ ಕೆಡುವುದಿಲ್ಲ. ಆದರೆ ಪೂರ್ವದ ಅಂಚಿನಲ್ಲಿ ಒಂದು ಸಣ್ಣ ಎಳೆ ಇಳಿದರೆ, ಹತ್ತಿರದ ಗೋಪುರಕ್ಕೆ ಜೋರಾಗಿ ಕೇಳಿ ಏಳು, ದೂರದ ಪಶ್ಚಿಮದ್ದಕ್ಕೆ ಪಿಸುಮಾತಿನಷ್ಟು ಕೇಳಿ ಮೂವತ್ತೊಂದು. ಇಪ್ಪತ್ನಾಲ್ಕು ನ್ಯಾನೋಸೆಕೆಂಡಿನ ವ್ಯತ್ಯಾಸ. ಒಂದು ನ್ಯಾನೋಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ, ರೇಡಿಯೋ ಅಲೆ ಬೆಳಕಿನಂತೆಯೇ ಒಂದು ಅಡಿ ಓಡುತ್ತದೆ. ಕಿರಣ ಇಪ್ಪತ್ತು ಇಪ್ಪತ್ನಾಲ್ಕು ಅಡಿ ಆಚೆಗೆ ಹೋಗುತ್ತಿತ್ತು. ನಮಗೆ ಬೇಕಾದ್ದು ಹದಿನೈದರ ಒಳಗೆ.

ಸಣ್ಣ ಸಿಡಿಲು ಎಂದರೆ ಮೋಡದ ಲೆಕ್ಕದಲ್ಲಿ ಸಣ್ಣದು. ಮನುಷ್ಯನ ಮೇಲೆ ಬಿದ್ದರೆ ಅದೂ ಸಾವೇ. ಮತ್ತು ಆ ಅಂಚಿನಲ್ಲಿ, ಗುಡುಗಿದರೂ ಏಳದೆ ಕೂತಿರುವವಳು ನನ್ನ ಅಕ್ಕ. ತಂದ ಬುತ್ತಿಯನ್ನು ನಾವಿಬ್ಬರೂ ಬಿಚ್ಚಲಿಲ್ಲ.

ಬುಧವಾರ ಬೆಳಿಗ್ಗೆ ನೀಲಾ ಚಿಕ್ಕತಮ್ಮಯ್ಯನವರ ಕೊಠಡಿಗೆ ಹೋದಳು. ಜೊತೆಗೆ ನಾನು. ಹತ್ತು ನಿಮಿಷದಲ್ಲಿ ಎಲ್ಲ ವಿವರಿಸಿದಳು. ಕೊನೆಗೆ, “ತಪ್ಪು ನನ್ನ ಸಹಿದಾಗ ಅದ ಸರ,” ಎಂದಳು. ನಮೂನೆ ನನ್ನದು ಎಂದು ನಾನು ಬಾಯಿ ತೆರೆಯುವ ಮೊದಲೇ ಹೀಗೆಂದುಬಿಟ್ಟಳು.

ಅವರು ಒಂಬತ್ತನೇ ಪುಟದ ಗೆರೆಯ ಮೇಲೆ ಬೆರಳಾಡಿಸಿದರು. “ನೀವ್ ಹೇಳೋದು ಸರಿ ಕಣಮ್ಮ. ಸರಿಪಡಿಸ್ಬೋದು. ಆದ್ರೆ ತಿಂಗಳುಗಟ್ಲೆ ಆಗುತ್ತೆ.”

“ಅಲ್ಲೀತನಕ ಸೈರನ್ ಹಚ್ಚೂಣು ಸರ. ಮಂದಿ ಮೊದಲಿನಂಗ ಓಡಲಿ.”

“ಈಗ ಸೈರನ್ ಕೂಗಿದ್ರೆ ಗಾವಲು ಕೆಲ್ಸ ಮಾಡ್ತಿಲ್ಲ ಅಂತ ನಾವೇ ಡಂಗುರ ಹೊಡ್ದಂಗಾಗುತ್ತೆ. ಸಮಿತಿ ಹಂಗೇ ವಾಪಸ್ ಹೋಗುತ್ತೆ. ಐದು ಜಿಲ್ಲೆ ಜನಕ್ಕೆ ಇದು ಸಿಗಲ್ಲ. ಶುಕ್ರವಾರ ಒಂದು ಕಳೀಲಿ. ಸೋಮವಾರದಿಂದ ಕೂಗ್ಸೋಣ.”

ಅವರು ಕೆಟ್ಟವರಲ್ಲ. ಐದು ಜಿಲ್ಲೆಯ ಜೀವಗಳೂ ಜೀವಗಳೇ. ನನಗೆ ಅವರ ಮಾತೂ ಸರಿ ಎನಿಸಿತು, ನೀಲಾಳ ಮಾತೂ ಸರಿ ಎನಿಸಿತು. ನಾನು ಅಂಥ ಮನುಷ್ಯ. ನೀಲಾ ಮಾತ್ರ ನಮಸ್ಕಾರ ಹೇಳಿ ಹೊರಗೆ ಬಂದಳು. ಮನೆಗೆ ಬಂದು ಆಕಾಶವಾಣಿಯ ಹವಾಮಾನ ಕೇಳಿದಳು. ಗುರುವಾರ ಮಧ್ಯಾಹ್ನ ಗುಡುಗುಸಹಿತ ಮಳೆ.

ಗುರುವಾರ ನನ್ನ ಪಾಳಿ. ಒಂದೂವರೆಗೆ ತೆಂಕಣ ದಿಕ್ಕು ಕಪ್ಪಾಯಿತು. ಕ್ಯಾಮೆರಾದಲ್ಲಿ ತೆಗ್ಗಿನಹಾಳದ ಹೊಲ ಕಾಣುತ್ತಿತ್ತು. ಹದಿನಾಲ್ಕು ಜನ ಸಾಲಾಗಿ ಕೂತು ಉಳ್ಳಾಗಡ್ಡಿ ಕೀಳುತ್ತಿದ್ದರು. ಮೊದಲ ಗುಡುಗಿಗೆ ಒಬ್ಬರೂ ತಲೆ ಎತ್ತಲಿಲ್ಲ. ನಾನು ಕಲಿಸಿದ್ದ ಧೈರ್ಯ ಅದು.

ಒಂದೂ ಐವತ್ತಕ್ಕೆ ನನ್ನ ಮುಂದಿನ ಪ್ಯಾನೆಲ್ಲಿನಲ್ಲಿ ಒಂದು ಹಸಿರು ದೀಪ ಕೆಂಪಾಯಿತು. ಆಮೇಲೆ ಇನ್ನೊಂದು, ಮತ್ತೊಂದು. ಒಂದೊಂದಾಗಿ ಹದಿನಾರೂ ಗೋಪುರಗಳು ಕೆಂಪಾದವು. ಕಾರಣದ ಜಾಗದಲ್ಲಿ ಒಂದೇ ಸಾಲು: ಯೋಗ್ಯತಾ ಪತ್ರ ಹಿಂಪಡೆಯಲಾಗಿದೆ.

ನಮ್ಮಲ್ಲೊಂದು ನಿಯಮವಿತ್ತು. ಸಹಿ ಮಾಡಿದ ಟೆಸ್ಟರಿಗೆ ಅನುಮಾನ ಬಂದರೆ ತನ್ನ ಸಹಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಸಹಿಯಿಲ್ಲದ ಬೋರ್ಡು ಇದ್ದೂ ಇಲ್ಲದ ಲೆಕ್ಕ. ಆಗ ಪಾಳಿಯವನು ಸೈರನ್ ಒತ್ತಬೇಕು. ಇಲ್ಲವೇ, ಇದು ಬರೀ ಕಾಗದದ ತೊಂದರೆ ಎಂದು ತನ್ನ ಜವಾಬ್ದಾರಿಯ ಮೇಲೆ ಪಕ್ಕದ ಗುಂಡಿ ಒತ್ತಿ ಮುಂದುವರಿಸಬೇಕು. ಆ ನಿಯಮವನ್ನು ಅಲ್ಲಿಯವರೆಗೆ ಯಾರೂ ಬಳಸಿರಲಿಲ್ಲ. ತನ್ನ ಕೆಲಸ ತಾನೇ ತಪ್ಪೆನ್ನುವವರು ಎಲ್ಲಿ ಸಿಗುತ್ತಾರೆ?

ವರ್ಕ್‌ಶಾಪಿಗೆ ಫೋನ್ ಮಾಡಿದೆ. “ನೀಲಾ, ಏನ್ ಮಾಡೀದಿ?”

“ಸಹಿ ಹಿಂದಕ್ಕ ತಗೊಂಡೀನಿ.”

“ಎಷ್ಟು?”

“ಅರವತ್ನಾಲ್ಕೂ.”

“ನೌಕರಿ ಹೋಗ್ತದ, ತಿಳೀತದಿಲ್ಲೋ ನಿನಗ?”

“ಹೋಗ್ಲಿ. ನೋಡದ ಗೆರಿಗೆ ಸಹಿ ಹಾಕಿದ್ನಿ. ಅದನ್ನ ಹಂಗ ಬಿಟ್ಟು ಕುಂದ್ರಾಕ ಆಗೂದಿಲ್ಲ. ಈಗ ನಿಮ್ಮ ಮುಂದ ಎರಡು ಗುಂಡಿ ಅದಾವ. ನಾ ಏನೂ ಹೇಳೂದಿಲ್ರಿ.” ಫೋನ್ ಇಟ್ಟಳು.

ಚಿಕ್ಕತಮ್ಮಯ್ಯನವರು ಓಡಿಬಂದರು. ಪ್ಯಾನೆಲ್ಲಿನ ಕೆಂಪು ದೀಪಗಳನ್ನು ನೋಡಿದರು. “ಶಿವಪುತ್ರ, ನಾಳೆ ಸಮಿತಿ ಕಣ್ರೀ,” ಎಂದರು. ಒತ್ತು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಎರಡು ಗುಂಡಿಗಳ ಮೇಲೆ ಎರಡು ಬೆರಳಿಟ್ಟು ನಿಂತಿದ್ದೆ. ಒಂದನ್ನು ಒತ್ತಿದರೆ ಗುಡಿಯ ಕಟ್ಟೆಯ ಮೇಲೆ ನಾನಾಡಿದ ಮಾತು ಸುಳ್ಳಾಗುತ್ತದೆ, ಐದು ಜಿಲ್ಲೆ ಕೈತಪ್ಪುತ್ತದೆ. ಇನ್ನೊಂದನ್ನು ಒತ್ತಿದರೆ ಅಕ್ಕ ಕೂತಲ್ಲೇ ಕೂತಿರುತ್ತಾಳೆ. ಹೇಳಲು ನಾಚಿಕೆಯಾಗುತ್ತದೆ, ದಾಖಲೆಯ ಪ್ರಕಾರ ನಾನು ನಲವತ್ತೊಂದು ಸೆಕೆಂಡು ತೆಗೆದುಕೊಂಡೆ. ಆಮೇಲೆ ಸೈರನ್ ಒತ್ತಿದೆ.

ಹದಿನಾಲ್ಕು ತಿಂಗಳ ಮೇಲೆ ಬಯಲಿನ ಎಲ್ಲ ಕಂಬಗಳೂ ಒಟ್ಟಿಗೆ ಕೂಗಿದವು. ಕ್ಯಾಮೆರಾದಲ್ಲಿ ಹೆಂಗಸರು ಎದ್ದು ಕಂಬದ ಕಡೆ ನೋಡಿದರು. ಏನೋ ಮಾತಾಡಿಕೊಂಡು ನಕ್ಕರು. ಮತ್ತೆ ಕೂತರು.

ಅಕ್ಕನ ಮೊಬೈಲಿಗೆ ಹಚ್ಚಿದೆ.

“ಅಕ್ಕಾ, ಎಲ್ಲಾರೂ ಎದ್ದು ಪಂಪ್‌ಹೌಸಿಗೆ ಓಡ್ರಿ.”

“ಯಾಕೋ ತಮ್ಮಾ? ನಿನ್ನ ಯಂತ್ರ ಅದ ಅಲ್ಲ?”

“ಯಂತ್ರ ತಪ್ಪು ಮಾಡಾಕತ್ತದ.”

“ಯಂತ್ರ ತಪ್ಪ ಮಾಡೂದಿಲ್ಲ ಅಂತ ನೀನ ಹೇಳಿದ್ದಿ, ಗುಡಿ ಕಟ್ಟಿ ಮ್ಯಾಲ ನಿಂತು. ಇನ್ನ ನಾಕು ಸಾಲು ಉಳದಾವ, ಮುಗಿಸಿ...”

“ನಾ ಹೇಳಿದ್ದ ತಪ್ಪಕ್ಕಾ. ನನಗ ಗೊತ್ತಿರಲಿಲ್ಲ. ನೀಲಾ ನೋಡಿ ಕಂಡುಹಿಡದಾಳ.”

“ನೀಲಾ ಹೇಳಿದಳೇನು?”

“ಹೂಂ.”

“ಮೊದಲ ಹಂಗ ಹೇಳಬೇಕಿಲ್ಲೇನು.” ಫೋನ್ ಕಟ್ಟಾಯಿತು. ಪರದೆಯ ಮೇಲೆ ಹದಿನಾಲ್ಕು ಜನ ಸೆರಗು ಕಟ್ಟಿಕೊಂಡು ಓಡತೊಡಗಿದರು. ಎಲ್ಲರಿಗಿಂತ ಹಿಂದೆ ನನ್ನ ಅಕ್ಕ, ಒಬ್ಬೊಬ್ಬರನ್ನೂ ಮುಂದಕ್ಕೆ ತಳ್ಳುತ್ತ.

ಮಳೆಯ ಪರದೆ ಬಿದ್ದು ಕ್ಯಾಮೆರಾ ಮಂಜಾಯಿತು. ಸಹಿ ಇಲ್ಲದಿದ್ದರೂ ಗೋಪುರಗಳು ತಮ್ಮ ಕೆಲಸ ಬಿಟ್ಟಿರಲಿಲ್ಲ. ಆ ಅರ್ಧ ಗಂಟೆಯಲ್ಲಿ ಏಳು ಸಿಡಿಲು ಇಳಿದವು. ಆರನ್ನು ಹಿಡಿದವು. ಏಳನೆಯದು ಸಣ್ಣದು, ಪೂರ್ವದ್ದು. ಕಿರಣ ಹೊರಟಿತು, ಇಪ್ಪತ್ಮೂರು ಅಡಿ ಆಚೆ ಹೋಯಿತು. ಪರದೆ ಪೂರ್ತಿ ಬೆಳ್ಳಗಾಯಿತು.

ಅಕ್ಕ ಫೋನು ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಹನ್ನೊಂದು ನಿಮಿಷ ಹಾಗೇ. ಚಿಕ್ಕತಮ್ಮಯ್ಯನವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಭುಜದ ಮೇಲೆ ಕೈ ಇಟ್ಟಿದ್ದರು. ಆಮೇಲೆ ಫೋನು ತಾನಾಗಿಯೇ ಬಡಿದುಕೊಂಡಿತು.

“ಹದಿನಾಲ್ಕೂ ಮಂದಿ ಅದೀವೋ,” ಎಂದಳು ಅಕ್ಕ. “ಕಿವಿ ಗುಂಯ್ ಅನ್ನಾಕತ್ತದ, ನೀ ಜೋರ ಮಾತಾಡು. ನಾವು ಕುಂತ ಸಾಲಿನ ಮ್ಯಾಲ ಬಿತ್ತು ನೋಡು. ಹೊಲ ತುಂಬ ಹುರದ ಉಳ್ಳಾಗಡ್ಡಿ ವಾಸನಿ.”

ನಾನು ಅತ್ತೆ. ಮುಖ ಮುಚ್ಚಿಕೊಳ್ಳಲೂ ಹೋಗಲಿಲ್ಲ.

ಚಿಕ್ಕತಮ್ಮಯ್ಯನವರು ಎದ್ದು ಮಳೆಯಲ್ಲೇ ವರ್ಕ್‌ಶಾಪಿಗೆ ನಡೆದರು. ಅವರು ಅಲ್ಲಿಗೆ ಹೋಗಿದ್ದು ನನಗೆ ತಿಳಿದಂತೆ ಅದೇ ಮೊದಲು. ನೀಲಾಳ ಮೇಜಿನ ಮುಂದೆ ನೀರು ಸುರಿಸುತ್ತ ನಿಂತು, “ಅಮ್ಮ, ನಾಳೆ ಸಮಿತಿ ಮುಂದೆ ಆ ಒಂಬತ್ತನೇ ಪುಟ ನೀವೇ ತೋರಿಸ್ಬೇಕು,” ಎಂದರು.

ಅವಳು ತೋರಿಸಿದಳು. ಸಮಿತಿ ಐದು ಜಿಲ್ಲೆಯ ಮಾತನ್ನು ಮುಂದಕ್ಕೆ ಹಾಕಿ ಬೆಂಗಳೂರಿಗೆ ಹೋಯಿತು. ಒಂದು ವಾರಕ್ಕೆ ನೀಲಾಳಿಗೆ ನೋಟಿಸ್ ಬಂತು: ಮೇಲಧಿಕಾರಿಗೆ ತಿಳಿಸದೆ ಅರವತ್ನಾಲ್ಕು ಯೋಗ್ಯತಾ ಪತ್ರ ಹಿಂಪಡೆದುದಕ್ಕೆ ಕಾರಣ ಕೊಡಿ. ಅವಳು ಒಂದು ಸಾಲು ಬರೆದಳು. ‘ಬೋರ್ಡುಗಳು ಎಷ್ಟು ತಡ ಮಾಡುತ್ತವೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಸಹಿ ಮಾಡಿದ್ದೆ.’ ಅದರ ಕೆಳಗೆ ಚಿಕ್ಕತಮ್ಮಯ್ಯನವರು ‘ನನಗೂ ಗೊತ್ತಿರಲಿಲ್ಲ’ ಎಂದು ಬರೆದು ಸಹಿ ಹಾಕಿದರು. ಅದರ ಕೆಳಗೆ ನಾನು. ನೋಟಿಸ್ ಮತ್ತೆ ಬರಲಿಲ್ಲ.

ಸರಿಪಡಿಸಲು ಏಳು ತಿಂಗಳು ಹಿಡಿಯಿತು. ಪ್ರತಿ ಬೋರ್ಡಿಗೆ ಇನ್ನೊಂದು ಕಂಪ್ಯಾರೇಟರ್ ಕೂಡಿಸಿ ಅದಕ್ಕೆ ಸ್ವಲ್ಪ ಮೇಲಿನ ಮಿತಿ ಕೊಟ್ಟೆವು. ಅಲೆ ಕೆಳಗಿನ ಮಿತಿಯಿಂದ ಮೇಲಿನದಕ್ಕೆ ಎಷ್ಟು ಹೊತ್ತಿನಲ್ಲಿ ಏರಿತು ಎಂದು ತಿಳಿದರೆ ಅದು ಜೋರೋ ಸಣ್ಣದೋ ತಿಳಿಯುತ್ತದೆ. ಅದಕ್ಕೆ ತಕ್ಕ ತಡವನ್ನು ಕಳೆದುಬಿಡಬಹುದು. ಹಾಗೆ ಕಳೆಯಲು ಪ್ರತಿ ಚಿಪ್ಪಿನ ಸ್ವಭಾವ ಬೇರೆಬೇರೆಯಾಗಿ ಗೊತ್ತಿರಬೇಕು. ನೀಲಾ ಒಂದೊಂದನ್ನೂ ಐದು, ಹತ್ತು, ಇಪ್ಪತ್ತು, ಐವತ್ತು, ನೂರು ಮಿಲಿವೋಲ್ಟಿನಲ್ಲಿ, ತಂಪಿನಲ್ಲಿ, ಬಿಸಿಯಲ್ಲಿ ಅಳೆದು ತನ್ನ ಕೈಯಾರೆ ಗೆರೆ ಎಳೆದಳು. ವರ್ಕ್‌ಶಾಪಿನ ಗೋಡೆ ತುಂಬ ಆ ಗೆರೆಗಳು. ಎರಡು ಗೆರೆ ಒಂದೇ ತರಹ ಇರಲಿಲ್ಲ. ಯಾವ ಗೋಪುರದ ಯಾವ ಚಿಪ್ ಎಷ್ಟು ಮಂದ ಎಂದು ಅವಳಿಗೆ ಬಾಯಿಪಾಠ. ನಾನು ಎಷ್ಟೋ ದೊಡ್ಡ ವಿಜ್ಞಾನಿಗಳ ಭಾಷಣ ಕೇಳಿದ್ದೇನೆ, ಆ ಗೋಡೆಯ ಮುಂದೆ ನಿಂತಾಗ ಆದಷ್ಟು ಗೌರವ ನನಗೆ ಎಲ್ಲೂ ಆಗಿಲ್ಲ.

ಅವಳು ಅರವತ್ನಾಲ್ಕನೇ ಸಹಿ ಹಾಕುವ ದಿನ ಅಕ್ಕ ತನ್ನ ಮಂದಿಯನ್ನೆಲ್ಲ ಕರೆದುಕೊಂಡು ವರ್ಕ್‌ಶಾಪಿಗೆ ಬಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ದಾಟಿ ಒಳಗೆ ಹೋದಳು.

“ನೀಲಾ, ನೀ ಹೇಳವಾ. ಈಗ ಕುಂದರೂದೋ, ಓಡೂದೋ?”

ನೀಲಾ ಪೆನ್ನು ಕೆಳಗಿಟ್ಟಳು. “ಓಡ್ರಿ ಅಕ್ಕಾರ. ಗುಡುಗು ಕೇಳಿದ ಕೂಡಲೇ ಓಡ್ರಿ, ಸೈರನ್ ಹಾದಿ ಕಾಯಬ್ಯಾಡ್ರಿ. ನೀವು ಪಂಪ್‌ಹೌಸ್ ಮುಟ್ಟೂತನಾ ಸಿಡಿಲು ನಾವು ಹಿಡಕೊಂಡಿರ್ತೀವಿ.”

“ಓಡೂದಾದ್ರ ಈ ಯಂತ್ರ ಯಾತಕ್ಕ?” ಎಂದು ಒಬ್ಬಾಕೆ ಕೇಳಿದಳು.

“ಇವರ ನೋಯೂ ಮೊಳಕಾಲ ನೋಡೀರಿಲ್ಲೋ,” ಎಂದು ನೀಲಾ ನನ್ನ ಅಕ್ಕನನ್ನು ತೋರಿಸಿದಳು. “ಇವರಿಗೆ ನಾಕು ನಿಮಿಷ ಬೇಕು. ಆ ನಾಕು ನಿಮಿಷಕ್ಕ.”

ಜೂನ್ ಮೊದಲ ವಾರ ಮಳೆ ಬಂತು. ನಾನು ಪ್ಯಾನೆಲ್ಲಿನ ಮುಂದೆ ಕೂತಿದ್ದೆ, ಹದಿನಾರೂ ದೀಪ ಹಸಿರು. ದೂರದ ಒಂದು ಗುಡುಗಿಗೆ, ಸೈರನ್ ಇನ್ನೂ ಕೂಗುವ ಮೊದಲೇ, ತೆಗ್ಗಿನಹಾಳದ ಹೊಲದಲ್ಲಿ ಹದಿನಾಲ್ಕು ಜನ ಎದ್ದು ಓಡಿದರು. ಪೂರ್ವದಲ್ಲಿ ಒಂದು ಸಣ್ಣ ಎಳೆ ಇಳಿಯಿತು. ಕಿರಣ ಅದರ ಎರಡು ಅಡಿ ಪಕ್ಕಕ್ಕೆ ಹೋಗಿ, ಅದನ್ನು ಗೋಪುರಕ್ಕೆ ಕರೆದುಕೊಂಡು ಬಂತು. ಅದರ ಬೆಳಕಿನಲ್ಲಿ, ಎಲ್ಲರಿಗಿಂತ ಹಿಂದೆ, ಇನ್ನೂ ಅರ್ಧ ದಾರಿಯಲ್ಲಿ ಕುಂಟುತ್ತ ಓಡುತ್ತಿದ್ದ ಅಕ್ಕ ನನಗೆ ಸ್ಪಷ್ಟವಾಗಿ ಕಂಡಳು.